ನಾಯಿದಲ್ಲ ಅದು

ಆಕಳು ಹಾಕಿದ್ದಕ್ಕೆ ಸಗಣಿ ಎನ್ನುತ್ತೇವೆ. ಅದರಿಂದ ಅಂಗಳ ಸಾರಿಸುತ್ತೇವೆ, ಸುಟ್ಟು ಬೂದಿ ಮಾಡಿ ಹಣೆಗೂ ಹಚ್ಚಿಕೊಳ್ಳುತ್ತೇವೆ. ಆಡಿನದು ಹಿಕ್ಕೆ, ಅದನ್ನು ಹೊಲಕ್ಕೆ ಹಾಕಿಸಿಕೊಳ್ಳಲು ಕುರಿಗಾರರ ಕೈಕಾಲು ಹಿಡಿಯುತ್ತೇವೆ. ಕತ್ತೆಯದಕ್ಕೂ ಲದ್ದಿ ಎಂಬ ಒಂದು ಹೆಸರಿದೆ. ನಾಯಿಯದಕ್ಕೆ ಮಾತ್ರ ಯಾರೂ ಮರ್ಯಾದೆಯ ಹೆಸರಿಟ್ಟಿಲ್ಲ. ಹೇಲು ಅಂದರೆ ಮುಗಿಯಿತು. ಎಂಬತ್ನಾಲ್ಕರ ಶಿವರಾತ್ರಿಯ ಮುಂಚೆ ನಮ್ಮ ಅಂಗಳದಲ್ಲಿ ದಿನಾ ಬೀಳತೊಡಗಿದ್ದಕ್ಕೂ ಮನೆಯ ಹೆಂಗಸರು ಅದೇ ಹೆಸರು ಹೇಳಿದರು. ಹೇಳಿ, ಅದನ್ನು ನನ್ನ ನಾಯಿ ದಫೇದಾರನ ತಲೆಗೆ ಕಟ್ಟಿದರು.

ದಫೇದಾರ ಎಂಥವನೆಂದು ಮೊದಲೇ ಹೇಳಿಬಿಡುತ್ತೇನೆ. ಕಂದು ಬಣ್ಣ, ಹರಿದ ಒಂದು ಕಿವಿ, ಮೂತಿಯ ಮೇಲೆ ಪೊಲೀಸರಂಥ ಮೀಸೆ. ಹೆಸರು ಬಂದದ್ದು ಮೀಸೆಯಿಂದ, ಧೈರ್ಯದಿಂದಲ್ಲ. ಹಗಲಿನಲ್ಲಿ ಆಳಂದದ ಬಸ್ಸಿಗೆ ಎದೆ ಉಬ್ಬಿಸಿ ಬೊಗಳುತ್ತಾನೆ. ಹೊತ್ತು ಮುಳುಗಿತೆಂದರೆ ಬಂಡಿಯ ಕೆಳಗೆ ನುಗ್ಗಿ ಬೆಳಗಾಗುವ ತನಕ ಮೂಗು ಹೊರಗೆ ಹಾಕುವುದಿಲ್ಲ. ನಾವು ಲಿಂಗ ಕಟ್ಟಿಕೊಂಡವರು. ನಮ್ಮ ಮನೆಯ ನಾಯಿಯೂ ಜೋಳದ ರೊಟ್ಟಿ, ಮಜ್ಜಿಗೆಯ ಮೇಲೆಯೇ ಬೆಳೆದದ್ದು. ನನ್ನ ಅವ್ವ ಸುಭದ್ರಾಬಾಯಿ ಅದರ ಕೊರಳಿಗೊಂದು ಲಿಂಗ ಕಟ್ಟುವುದನ್ನಷ್ಟೇ ಬಾಕಿ ಇಟ್ಟಿದ್ದಳು.

ನಮ್ಮದು ಮಟಕಿ ಊರಿನ ಕಟ್ಟಕಡೆಯ ಮನೆ. ಹಿತ್ತಲ ಗೋಡೆ ಒಂದು ಕಡೆ ಬಿದ್ದಿದೆ. ಅದರಾಚೆ ಹಳ್ಳ, ಹಳ್ಳದಾಚೆ ಸುಡುಗಾಡು, ಸುಡುಗಾಡಿನಾಚೆ ಗುಡ್ಡ. ನನ್ನ ಹೆಂಡತಿ ಕಸ್ತೂರಿಬಾಯಿ ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಹಾಕುವವಳು. ಅವಳಿಗೇ ಅದು ಮೊದಲು ಸಿಕ್ಕಿದ್ದು, ಸರಿಯಾಗಿ ರಂಗೋಲಿ ಹಾಕುವ ಜಾಗದಲ್ಲಿ. ಒಲೆಯ ಬೂದಿ ಸುರುವಿ, ಒಡೆದ ಹಂಚಿನಿಂದ ಎತ್ತಿ, ತಿಪ್ಪೆಗೆ ಎಸೆದು ನನ್ನನ್ನು ಎಬ್ಬಿಸಿ ಬೈದಳು. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ಎಸೆದದ್ದು ಬಿಸಿಲಿಗೆ ಒಣಗಿ ಸುಣ್ಣದ ಹಾಗೆ ಬೆಳ್ಳಗಾಯಿತು. ಅದೇ ಫಜೀತಿಗೆ ಕಾರಣ.

ಪಕ್ಕದ ಮನೆಯ ತುಳಸಾಬಾಯಿ ಗೋಡೆಯ ಮೇಲಿಂದ ತಿಪ್ಪೆಯ ಕಡೆ ನೋಡಿದಳು. ಆ ಬ್ರಾಹ್ಮಣರ ಹೆಂಗಸಿಗೆ ತನ್ನ ಮನೆಯ ಅಂಗಳಕ್ಕಿಂತ ನಮ್ಮ ಅಂಗಳದ ಚಿಂತೆ ಹೆಚ್ಚು.

"ಸುಭದ್ರಕ್ಕ, ಎಲುಬು ತಿಂದ ನಾಯಿದು ಒಣಗಿದ್ರ ಹಿಂಗ ಬೆಳ್ಳಗ ಆಗ್ತದ ನೋಡ್ರಿ" ಎಂದಳು. "ನಿಮ್ಮ ದಫೇದಾರ ಎಲ್ಲೋ ಹೊರಗ ಊಟಕ್ಕ ಹೊಂಟಾನ."

"ವೈನಿ, ಎಲುಬು ತಿಂದಿದ್ದು ಹ್ಯಾಂಗ ಇರ್ತದಂತ ನಿಮಗ ಹ್ಯಾಂಗ ಗೊತ್ತ್ರಿ?" ಎಂದು ನಾನು ಕೇಳಿದೆ.

ತುಳಸಾಬಾಯಿ ಸೆರಗು ಹೊದ್ದುಕೊಂಡು ಒಳಗೆ ಹೋದಳು. ಆದರೆ ಆ ಮಾತು ಹೋಗಲಿಲ್ಲ, ಅವ್ವನ ಕಿವಿಯಲ್ಲಿ ಕೂತುಬಿಟ್ಟಿತು. ಎಲುಬು ತಿನ್ನಬೇಕೆಂದರೆ ಊರಿನಲ್ಲಿ ಒಂದೇ ಜಾಗ, ಬಸ್ಸು ನಿಲ್ಲುವ ಮೂಲೆಯಲ್ಲಿರುವ ಗೌಸಮೊಹಿದ್ದೀನನ ಖಟೀಕ ಅಂಗಡಿ, ಅಂದರೆ ಮಾಂಸದಂಗಡಿ. ಗೌಸ ನನ್ನ ಗೆಳೆಯ, ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವರು ನಾವು. ಹಾಗಾಗಿ ಅವ್ವನ ಲೆಕ್ಕದಲ್ಲಿ ಎಲ್ಲ ಕೂಡಿ ಬಂತು. ಗೌಸ ತಿನ್ನಿಸುತ್ತಾನೆ, ನಾಯಿ ತಿನ್ನುತ್ತದೆ, ಮಗನಿಗೆ ಗೊತ್ತಿದೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಾನೆ. ಮಗನೂ ತಿನ್ನುತ್ತಾನೋ ಏನೋ ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲ. ನನ್ನ ತಾಟು ತೊಳೆಯುವ ಮುಂಚೆ ಒಮ್ಮೆ ಮೂಸಿ ನೋಡಿದಳು, ಅಷ್ಟೇ. ನನ್ನ ತಲೆ ಕೆಟ್ಟಿತು. ತಾಟು ಎತ್ತಿ ಅಂಗಳಕ್ಕೆ ಎಸೆದೆ. ತಾಟು ತಪ್ಪು ಮಾಡಿದವರನ್ನು ತೋರಿಸುವ ಹಾಗೆ ಉರುಳುತ್ತ ಹೋಗಿ ದಫೇದಾರನ ಮುಂದೆಯೇ ಬಿತ್ತು. ಅವ್ವನಿಗೆ ಅದೂ ಒಂದು ಸಾಕ್ಷಿಯಾಯಿತು.

ಬರುವ ಸೋಮವಾರ ನಮ್ಮ ಮನೆಯಲ್ಲಿ ಅಯ್ಯನವರ ಪಾದಪೂಜೆ. ಅಯ್ಯನವರು ಅಂದರೆ ನಮ್ಮ ಮನೆತನದ ಜಂಗಮರು, ಗುರುಬಸಯ್ಯನವರು. ಎಲುಬು ತಿಂದ ನಾಯಿ ತಿರುಗಾಡುವ ಅಂಗಳದಲ್ಲಿ ಅವರ ಪಾದ ಬೀಳಬಾರದು ಎಂದು ಅವ್ವ ಹಟ ಹಿಡಿದಳು. ಅಂದು ನಾಯಿ ಮನೆ ಬಿಡಬೇಕು, ಇಲ್ಲವಾದರೆ ತಾನು ಜೇವರ್ಗಿಯ ಮಗಳ ಮನೆಗೆ ಹೋಗಿಬಿಡುತ್ತೇನೆ, ಅಯ್ಯನವರ ಪಾದವನ್ನು ನಾನೂ ನನ್ನ ನಾಯಿಯೂ ಕೂಡಿ ತೊಳೆದುಕೊಳ್ಳಬಹುದು ಅಂದಳು. ನನ್ನನ್ನು ಕೇಳದೆಯೇ ವ್ಯವಸ್ಥೆಯೂ ಆಗಿಹೋಗಿತ್ತು. ಕಸ್ತೂರಿಬಾಯಿಯ ಅಣ್ಣ ದೌಲತರಾಯ ಗೊಬ್ಬೂರಿನಿಂದ ಟ್ರ್ಯಾಕ್ಟರ್ ತೆಗೆದುಕೊಂಡು ಪಾದಪೂಜೆಗೆ ಬರುವವನಿದ್ದ. ಹೋಗುವಾಗ ನಾಯಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಅಫಜಲಪುರದ ಆಚೆ ಭೀಮಾ ದಾಟಿಸಿ ಬಿಟ್ಟುಬಿಡುವುದು. ಬಂಡಿಯ ಆಸರೆ ಇಲ್ಲದ ಊರಲ್ಲಿ ಆ ಹೇಡಿ ಪ್ರಾಣಿ ಒಂದು ರಾತ್ರಿಯೂ ಬದುಕುವುದಿಲ್ಲ. ಅದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಅಂದಿನಿಂದ ನಾನು ವಕೀಲನಾದೆ. ಸಂಜೆ ದಫೇದಾರನನ್ನು ಬಂಡಿಯ ಗಾಲಿಗೆ ಕಟ್ಟಿದೆ. ಬೆಳಿಗ್ಗೆ ರಂಗೋಲಿಯ ಜಾಗದಲ್ಲಿ ಹೊಸದು ಬಿದ್ದಿತ್ತು. ಹಗ್ಗ ಉದ್ದ ಇತ್ತು ಅಂದಳು ಅವ್ವ. ದನದ ಕೊಟ್ಟಿಗೆಯಲ್ಲಿ ಕೂಡಿ ಅಗಳಿ ಹಾಕಿದೆ. ಬೆಳಿಗ್ಗೆ ಮತ್ತೆ ಇತ್ತು. ಒಳಗೆ ಹೋಗುವ ಮುಂಚೆಯೇ ಮುಗಿಸಿ ಹೋಗಿದ್ದಾನೆ ಅಂದಳು. ಫಿನೈಲ್ ಸುರುವಿದೆ, ಅದು ಫಿನೈಲಿನ ಮೇಲೆಯೇ ಹಾಕಿತು, ತೊಳೆದು ಸ್ವಚ್ಛ ಮಾಡಿ ಕೊಟ್ಟಿದ್ದಕ್ಕೆ ಉಪಕಾರ ಎನ್ನುವ ಹಾಗೆ. ಗೋಡೆ ಬಿದ್ದ ಕಡೆ ಜಾಲಿ ಮುಳ್ಳು ಒಟ್ಟಿದೆ. ಮುಳ್ಳನ್ನು ಪಕ್ಕಕ್ಕೆ ಸರಿಸಿ ಬಂದಿತ್ತು. ಅಲ್ಲಿ ಹೊಟ್ಟಿನ ಧೂಳಿನಲ್ಲಿ ಹೆಜ್ಜೆ ಮೂಡಿದ್ದವು, ಮುಂದಿನವು ದೊಡ್ಡವು, ಹಿಂದಿನವು ಸಣ್ಣವು. ಅವ್ವನನ್ನು ಕೈಹಿಡಿದು ಕರೆತಂದು ತೋರಿಸಿದೆ. ನಿನ್ನ ನಾಯಿಯ ಮುಂಗಾಲು ಬಾತಿರಬೇಕು, ಎಣ್ಣೆ ತಿಕ್ಕು ಅಂದಳು. ಒಂದು ರಾತ್ರಿ ಬಡಿಗೆ ಹಿಡಿದು ಅಂಗಳದಲ್ಲೇ ಮಂಚ ಹಾಕಿ ಕಾದೆ. ಸುಗ್ಗಿಯ ದಿನ, ಹಗಲೆಲ್ಲ ರಾಶಿ ಮಾಡಿದ ಮೈ, ಯಾವಾಗ ನಿದ್ದೆ ಹೋದೆನೋ. ಬೆಳಿಗ್ಗೆ ಹೆಂಡತಿ ಎಬ್ಬಿಸಿ ಮಂಚದ ಕಾಲ ಬುಡಕ್ಕೆ ಕೈ ತೋರಿಸಿದಳು. ಬಿಸಿ ಇನ್ನೂ ಆರಿರಲಿಲ್ಲ.

ಕೊನೆಗೆ ಗೌಸನನ್ನೇ ಕರೆದುಕೊಂಡು ಬಂದೆ. ಅವನು ತಿಪ್ಪೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಬಿಳಿಯ ಉಂಡೆಯನ್ನು ಕಡ್ಡಿಯಿಂದ ಒಡೆದ. ಒಳಗೆ ಆಡಿನ ಕೂದಲು, ಎಲುಬಿನ ಚೂರು.

"ಇದು ಕಿರಬಂದು, ನಾಗಣ್ಣ" ಎಂದ ನನಗೆ. "ಎಲುಬು ಹೊಟ್ಟ್ಯಾಗ ಹಾಕ್ಕೊಂಡು ಸುಣ್ಣ ಹೊರಗ ಬಿಡ್ತದ. ಗುಡ್ಡದಾಗ ಖಣಿ ಸಿಡಸಾಕತ್ತಾರಲ್ಲ, ಅದಕ್ಕ ಇತ್ತ ಬಂದದ. ಒಂದ್ ಜಾಗಾ ಪಸಂದ ಬಿತ್ತಂದ್ರ ಮುಗೀತು, ದಿನಾ ಅಲ್ಲೇ ಹಾಜರಿ."

ಕತ್ತೆಕಿರುಬ ನಮ್ಮ ಸುಡುಗಾಡಿನ ಕಡೆ ಇದೆಯೆಂದು ಹಿರಿಯರು ಹೇಳುತ್ತಿದ್ದದ್ದು ನನಗೂ ನೆನಪಿತ್ತು. ದಫೇದಾರ ಯಾಕೆ ರಾತ್ರಿ ಉಸಿರು ಬಿಡುವುದಿಲ್ಲ ಎಂಬುದೂ ತಿಳಿಯಿತು. ಕಿರುಬಕ್ಕೆ ನಾಯಿಯ ಮಾಂಸವೆಂದರೆ ಬಲು ಇಷ್ಟವಂತೆ. ಆದರೆ ಅವ್ವ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ತಿನಸಿದಾಂವ ಮತ್ತೇನ್ ಹೇಳ್ತಾನ" ಎಂದಳು, ಗೌಸನಿಗೆ ಕೇಳುವ ಹಾಗೆಯೇ. "ನನಗ ಅಯ್ಯನವರು ಹೇಳ್ಬೇಕು. ಅವರು ನಾಯಿದಲ್ಲಂದ್ರ ಅಲ್ಲ. ನೀವಿಬ್ಬರು ಹೇಳಿದ್ರ ಆಗೂದಿಲ್ಲ."

ಅಷ್ಟು ಸಿಕ್ಕಿದ್ದೇ ದೊಡ್ಡದಾಯಿತು. ಅಯ್ಯನವರಿಗೇ ತೋರಿಸುತ್ತೇನೆ ಅಂದುಕೊಂಡೆ. ತಿಪ್ಪೆಯಲ್ಲಿ ಹುಡುಕಿ, ಚೆನ್ನಾಗಿ ಒಣಗಿದ, ದುಂಡಗಿನ ನಾಲ್ಕಾರು ಉಂಡೆ ಆರಿಸಿದೆ. ಒಂದಿಷ್ಟೂ ವಾಸನೆ ಇರಲಿಲ್ಲ. ಬೆರಳಿಗೆ ಬಿಳಿ ಹಿಟ್ಟು ಹತ್ತುತ್ತಿತ್ತು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಬಚ್ಚಲ ಹತ್ತಿರದ ಗೋಡೆಯಲ್ಲಿ ಕಂದೀಲು ಇಡುವ ಮಾಡದೊಳಗೆ ಇಟ್ಟು, ನನ್ನ ಕೆಲಸಕ್ಕೆ ಹೋದೆ. ಮರುದಿನ ಊಟದ ಹೊತ್ತಿಗೆ ಅವ್ವ ಈ ಸಲದ ಈಬತ್ತಿ ಭಾಳ ಚಲೋ ಬಂದಿದೆ, ನುಣ್ಣಗಿದೆ, ಹಣೆಗೆ ಹಿಡಿಯುತ್ತದೆ, ಸಂತೆಯ ಈಬತ್ತಿಯ ಹಾಗೆ ಉದುರುವುದಿಲ್ಲ ಎಂದು ಹೆಂಡತಿಗೆ ಹೇಳುತ್ತಿದ್ದಳು. ನಮ್ಮ ಕಡೆ ವಿಭೂತಿಗೆ ಈಬತ್ತಿ ಅನ್ನುತ್ತೇವೆ. ನಾನು ನಾಯಿಯ ಸಲುವಾಗಿ ಸಿಟ್ಟಿನಲ್ಲಿದ್ದೆ. ಅವಳ ಈಬತ್ತಿ ಕಟ್ಟಿಕೊಂಡು ನನಗೇನು?

ಸೋಮವಾರ ಬಂತು. ದೌಲತರಾಯ ಬೆಳಿಗ್ಗೆಯೇ ಟ್ರ್ಯಾಕ್ಟರ್ ನಿಲ್ಲಿಸಿದ. ಕೈಯಲ್ಲಿ ಗೋಣಿಚೀಲ ಹಿಡಿದುಕೊಂಡೇ ಇಳಿದ, ಬೀಗರ ಮನೆಗೆ ಬರುವಾಗ ಬೇರೆಯವರು ಹಣ್ಣು ಹಿಡಿದು ಬರುವ ಹಾಗೆ. ಅಯ್ಯನವರೂ ಬಂದರು. ದಫೇದಾರ ಅವರಿಗೆ ಬೊಗಳಿದ. ನಾನು ಅವನನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಕೂಡಿ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಪೂಜೆ ಮುಗಿಯುತ್ತ ಬಂದಿತ್ತು. ಅಯ್ಯನವರು ಮಣೆಯ ಮೇಲೆ ಕೂತಿದ್ದರು. ಪಾದ ತೊಳೆದು, ಪಾದಕ್ಕೆ ಈಬತ್ತಿ ಹಚ್ಚಿ, ಹೂವು ಪತ್ರಿ ಏರಿಸಿದ್ದರು. ಅವರ ಅಗಲವಾದ ಹಣೆ, ಎರಡು ತೋಳು, ಎದೆ, ಎಲ್ಲ ಕಡೆ ಮೂರು ಮೂರು ಬಿಳಿ ಪಟ್ಟೆ. ಅವ್ವನ ಹಣೆ, ಕಸ್ತೂರಿಬಾಯಿಯ ಹಣೆ, ದೌಲತರಾಯನ ಹಣೆ, ಎಲ್ಲವೂ ಹೊಸ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳಗುತ್ತಿದ್ದವು.

ನಾನು ನನ್ನ ಪುರಾವೆ ತರಲು ಮಾಡಕ್ಕೆ ಕೈ ಹಾಕಿದೆ. ಕಂದೀಲು ಇತ್ತು. ಪೊಟ್ಟಣ ಇರಲಿಲ್ಲ.

ತಿರುಗಿ ನೋಡಿದೆ. ಅಯ್ಯನವರ ಮುಂದೆ ಹಿತ್ತಾಳೆಯ ತಾಟು. ತಾಟಿನ ಕೆಳಗೆ ನನ್ನ ಪತ್ರಿಕೆಯ ಹಾಳೆ. ತಾಟಿನಲ್ಲಿ ಎರಡು ಉಂಡೆ ಉಳಿದಿದ್ದವು. ಒಂದು ನೀರು ಹಾಕಿ ತೇಯ್ದು ಅರ್ಧವಾಗಿತ್ತು.

ಅವ್ವನ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಹಳೆಯ ಈಬತ್ತಿ ತೀರಿದಾಗ ಹೆಂಡತಿಯನ್ನು ಕೇಳಿದ್ದಾಳೆ; ಅವಳು ಮಾಡದಲ್ಲಿದೆ ಅಂದಿದ್ದಾಳೆ. ಅವಳು ಹೇಳಿದ್ದು ದೇವರ ಕೋಣೆಯ ಮಾಡ. ಅವ್ವ ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಗೆ ಬಂದವಳು ಕೈಗೆ ಹತ್ತಿರದ ಮಾಡವನ್ನೇ ತಡವಿದ್ದಾಳೆ. ಬೆಳ್ಳಗೆ, ದುಂಡಗೆ, ಕಾಗದದಲ್ಲಿ ಸುತ್ತಿಟ್ಟದ್ದು ನಮ್ಮ ಮನೆಯಲ್ಲಿ ಈಬತ್ತಿಯಲ್ಲದೆ ಮತ್ತೇನು ಇರಲು ಸಾಧ್ಯ? ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ತಿಳಿದದ್ದು ಇಷ್ಟೇ. ಬಾಯಿ ಮುಚ್ಚಿಕೊಂಡರೆ ಎಲ್ಲರ ಮಾನ ಉಳಿಯುತ್ತದೆ, ನಾಯಿ ಚೀಲಕ್ಕೆ ಹೋಗುತ್ತದೆ. ಬಾಯಿ ತೆರೆದರೆ ಏನಾಗುತ್ತದೋ ದೇವರೇ ಬಲ್ಲ. ದೌಲತರಾಯ ಚೀಲವನ್ನು ಕೊಡವಿ, ನಾಯಿ ಎಲ್ಲಿದೆ ಎಂದು ಕೇಳಿದ.

ಆ ಕೊಡವಿದ ಸಪ್ಪಳಕ್ಕೆ ನನ್ನ ತಲೆ ಕೆಟ್ಟಿತು. ತಾಟಿನಿಂದ ತೇಯದೆ ಉಳಿದ ಉಂಡೆ ಎತ್ತಿ, ಅಯ್ಯನವರ ಎದುರಿಗೇ ಎರಡು ಹೋಳು ಮಾಡಿದೆ. ಒಳಗಿನಿಂದ ಆಡಿನ ಕೂದಲು ಇಣುಕಿತು.

"ಅಯ್ಯನವರ, ಇದು ನಾಯಿದು ಹೌದೋ ಅಲ್ಲೋ, ನೀವ ಹೇಳ್ರಿ. ಇದರ ಸಲುವಾಗಿ ನನ್ನ ನಾಯಿ ಮನಿ ಬಿಡಾಕತ್ತದ."

"ಏನದು?" ಎಂದಳು ಅವ್ವ.

"ಅಂಗಳದಾಗ ದಿನಾ ಬೀಳ್ತಿತ್ತಲ್ಲ ಬೇ, ಅದ. ಅಯ್ಯನವರಿಗೆ ತೋರಸಬೇಕಂತ ಮಾಡದಾಗ ಇಟ್ಟಿದ್ದೆ."

ಅವ್ವನ ಕೈ ಹಣೆಯ ತನಕ ಹೋಯಿತು, ಮುಟ್ಟದೆ ಅರ್ಧದಲ್ಲಿ ನಿಂತಿತು. ಕಸ್ತೂರಿಬಾಯಿ ಸೆರಗಿನ ತುದಿ ಹಿಡಿದಳು, ಒರೆಸಿಕೊಳ್ಳಲಿಲ್ಲ. ಅತ್ತೆ ಒರೆಸಿಕೊಳ್ಳದೆ ಸೊಸೆ ಹೇಗೆ ಒರೆಸಿಕೊಳ್ಳುತ್ತಾಳೆ? ಅತ್ತೆ ಅಯ್ಯನವರ ಕಡೆ ನೋಡಿದಳು. ಅಯ್ಯನವರು ತಮ್ಮ ಎರಡು ತೋಳು ನೋಡಿಕೊಂಡರು, ಆಮೇಲೆ ಎದೆ ನೋಡಿಕೊಂಡರು. ಆ ಭಾರಿ ಮೈಯ ಮೇಲೆ ಅದು ಎಷ್ಟು ಕಡೆ ಇತ್ತೆಂದು ಅವರಿಗೇ ಆಗ ಲೆಕ್ಕ ಸಿಕ್ಕಿರಬೇಕು.

ಮೊದಲು ಬಾಯಿ ಬಿಟ್ಟವಳು ಅವ್ವ.

"ನಾಯಿದಲ್ಲ ಅದು."

ನಾನು ಅವಳ ಕಡೆ ತಿರುಗಿ ನೋಡಿದೆ.

"ಏನ್ ನೋಡ್ತಿ? ನೀನ ಹೇಳಿದ್ದಿಲ್ಲೇನು ಕಿರಬಂದು ಅಂತ? ಆ ತುಳಸಾಬಾಯಿ ಮಾತಿಗಿ ಏನ್ ಕಿಮ್ಮತ್ತದ, ಹುಟ್ಟಿದಾಗಿಂದ ಎಲುಬು ಕಂಡಾಕಿ ಅಲ್ಲ. ರೊಟ್ಟಿ ಮಜ್ಜಿಗಿ ತಿನ್ನೊ ನಾಯಿಗಿ ಈ ಬಿಳುಪು ಎಲ್ಲಿಂದ ಬರ್ಬೇಕು?"

ಹಗ್ಗ, ಅಗಳಿ, ಬಾತ ಮುಂಗಾಲು, ಎಲ್ಲವೂ ಒಂದು ಗಳಿಗೆಯಲ್ಲಿ ಹಾರಿಹೋದವು. ನಾನು ಎಷ್ಟು ಕೂಗಿದರೂ ಗೆಲ್ಲದ ದಾವೆಯನ್ನು ಅವ್ವ ತನ್ನ ಹಣೆಯ ಸಲುವಾಗಿ ಕೂತಲ್ಲೇ ಗೆದ್ದುಕೊಟ್ಟಳು. ಆದರೂ ಅವಳಿಗೆ ಸಮಾಧಾನವಿಲ್ಲ. ಗೌಸನನ್ನು ಕರೆಸು ಅಂದಳು. ನಮ್ಮ ಪಡಸಾಲೆಯ ಹೊಸ್ತಿಲಿಗೆ ಅವನನ್ನು ಅವ್ವನೇ ಕರೆದದ್ದು ಅದೇ ಮೊದಲು. ಗೌಸ ಬಂದು, ಎಲ್ಲರ ಹಣೆಯನ್ನೂ ಒಮ್ಮೆ ನೋಡಿ, ಅರ್ಧವಾದ ಉಂಡೆಯನ್ನೂ ನೋಡಿದ. ಅವನಿಗೆ ವಿವರಿಸಿ ಹೇಳುವುದೇನೂ ಉಳಿಯಲಿಲ್ಲ.

"ಗೌಸಪ್ಪ, ಇದು ಕಿರಬಂದು ಹೌದಲ್ಲೊ?" ಎಂದಳು ಅವ್ವ. ಗೌಸಪ್ಪ ಆಗಿಬಿಟ್ಟಿದ್ದ ಅವನು.

ಗೌಸ ಗಡ್ಡ ಕೆರೆದುಕೊಂಡ. "ಈಗ ಹ್ಯಾಂಗ ಹೇಳ್ಲಿ ಅಮ್ಮಾ. ತಿನಸಿದಾಂವನ ಮಾತು ನಡೀತದೇನು? ಜರಾ ನಾಯಿದಂಗೂ ಕಾಣ್ತದ."

ಅಯ್ಯನವರು ಮಣೆಯ ಮೇಲೆ ಸರಿದು ಕೂತರು. ಮಣೆ ಕಿರ್ ಎಂದಿತು.

"ಲೇ ಗೌಸ್ಯಾ, ನಿಮ್ಮವ್ವ ಬಾನುಬಿ ನಾನು ಕೂಡಿ ಹೊಲದಾಗ ಕಸ ತಗದವ್ರು" ಎಂದಳು ಅವ್ವ. "ನೆಟ್ಟಗ ಹೇಳು."

"ಕಿರಬಂದು ಅಮ್ಮಾ" ಎಂದ ಗೌಸ. "ಸೌ ಟಕ್ಕಾ, ನೂರಕ್ಕ ನೂರು ಕಿರಬಂದು."

ಆಗ ಅಯ್ಯನವರಿಗೆ ದನಿ ಬಂತು. ಶಿವ ಇರುವುದು ಸುಡುಗಾಡಿನಲ್ಲಿ, ಕಿರುಬ ಇರುವುದೂ ಸುಡುಗಾಡಿನಲ್ಲಿ, ಅಂದಮೇಲೆ ಇಬ್ಬರಿಗೂ ಒಂದು ನಂಟು ಇದ್ದೇ ಇದೆ ಎಂದು ಅವರು ನಿಧಾನವಾಗಿ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೇ ಅದರಲ್ಲಿ ನಂಬಿಕೆ ಬಂದ ಹಾಗೆ ಕಂಡಿತು. ಶಿವರಾತ್ರಿಯ ಮುಂದೆಯೇ ಅದು ಈ ಅಂಗಳಕ್ಕೆ ಬಂದದ್ದು ಸುಮ್ಮನೆ ಅಲ್ಲ ಎಂದೂ ಸೇರಿಸಿದರು. ಕಿರುಬದ ಹೇಲಿಗೆ ಶಿವನ ಅಪ್ಪಣೆ ಬೇಕೇ ಅಂತ ಕೇಳಲು ನಾನು ಬಾಯಿ ತೆರೆದೆ.

"ಹೇಲ ಅನಬ್ಯಾಡ ಅದಕ್ಕ" ಎಂದಳು ಅವ್ವ.

ಹೆಸರಿಲ್ಲದ್ದಕ್ಕೆ ಹೀಗೆ ಮರ್ಯಾದೆ ಬಂತು. ಆದರೆ ನಾನು ಎಣಿಸದ ಒಂದು ಮಾತು ಉಳಿದಿತ್ತು. ಅವ್ವ ನನ್ನ ಮುಖದ ಹತ್ತಿರ ಮುಖ ತಂದು, ಪೊರೆ ಬಂದ ಕಣ್ಣು ಕಿರಿದು ಮಾಡಿ ನೋಡಿದಳು.

"ನಿನ್ನ ಹಣಿ ಬರೇ ಅದ" ಎಂದಳು. "ಖರೇ ಕಿರಬಂದಾದ್ರ ನೀನೂ ಹಚ್ಗೋ. ನಾಯಿದಂತ ಮನಸಿನ್ಯಾಗಿದ್ರ ಬಿಡು, ಟ್ರ್ಯಾಕ್ಟರ್ ಹೊರಗ ನಿಂತದ."

ಎಲ್ಲರೂ ನನ್ನನ್ನೇ ನೋಡಿದರು. ದೌಲತರಾಯ ಚೀಲದ ಬಾಯಿ ಹಿಡಿದುಕೊಂಡೇ ನಿಂತಿದ್ದ. ಇಡೀ ಮನೆಯಲ್ಲಿ ಅದನ್ನು ತಿಪ್ಪೆಯಿಂದ ಕೈಯಾರೆ ಆರಿಸಿದವನು ನಾನೊಬ್ಬನೇ. ಅದು ಏನು, ಎಲ್ಲಿ ಬಿದ್ದಿತ್ತು, ಬಿದ್ದಾಗ ಹೇಗಿತ್ತು, ಎಲ್ಲ ಕಂಡವನು. ಕಾಣದವರು ಹಚ್ಚಿಕೊಳ್ಳುವುದು ಸುಲಭ. ಕಂಡವನು ಹಚ್ಚಿಕೊಳ್ಳಬೇಕು. ಕೊಟ್ಟಿಗೆಯಲ್ಲಿ ದಫೇದಾರ ಬಾಗಿಲು ಕೆರೆಯುತ್ತಿದ್ದ.

ಹಣೆ ಮುಂದೆ ಮಾಡಿದೆ. ಅವ್ವ ಉಂಡೆಯನ್ನು ನೀರಿನಲ್ಲಿ ಅದ್ದಿ, ಮೂರು ಬೆರಳಿನಿಂದ, ಒಂದಿಷ್ಟೂ ಜಿಪುಣತನ ಮಾಡದೆ, ಈ ಕಿವಿಯಿಂದ ಆ ಕಿವಿಯ ತನಕ ಎಳೆದಳು. ತಣ್ಣಗಿತ್ತು. ನುಣ್ಣಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎದ್ದು ಹೋಗಿ ಕೊಟ್ಟಿಗೆಯ ಅಗಳಿ ತೆಗೆದೆ. ದಫೇದಾರ ಬಾಲ ಅಲ್ಲಾಡಿಸುತ್ತ ಹಾರಿ ಬಂದು, ಮುಂಗಾಲು ನನ್ನ ಎದೆಯ ಮೇಲಿಟ್ಟು, ಯಾವಾಗಿನಂತೆ ಮುಖ ನೆಕ್ಕಲು ಮೂತಿ ಎತ್ತಿದ. ಹಣೆಯ ಹತ್ತಿರ ಮೂಗು ಬಂದದ್ದೇ ತಡ, ಬಾಲ ಹೊಟ್ಟೆಯ ಕೆಳಗೆ ಹೋಯಿತು, ಹರಿದ ಕಿವಿ ತಲೆಗೆ ಅಂಟಿತು. ಕುಂಯ್ ಅಂದು ನನ್ನನ್ನು ಬಿಟ್ಟು ಓಡಿದವನು, ಹಾಡಹಗಲಿನಲ್ಲಿ, ಅಷ್ಟು ಜನರೆದುರಿಗೆ, ಬಂಡಿಯ ಕೆಳಗೆ ನುಗ್ಗಿದ. ಕಸ್ತೂರಿಬಾಯಿ ಹೋಳಿಗೆ ತೋರಿಸಿ ಕರೆದಳು. ಅವಳ ಹಣೆ ನೋಡಿ ಮತ್ತೂ ಒಳಗೆ ಸರಿದ.

ಬಾಗಿಲಲ್ಲಿ ನಿಂತ ಅವ್ವ ದಫೇದಾರನ ಕುಂಯ್ ಕೇಳಿದಳು, ಏನಾಯಿತೆಂದು ಸೊಸೆಯನ್ನು ಕೇಳಿ ತಿಳಿದುಕೊಂಡಳು. ಅವಳ ಮುಖ ಅಷ್ಟು ದಿನಗಳಲ್ಲಿ ಮೊದಲ ಸಲ ಸಡಿಲಾಯಿತು.

"ಈಗ ಖರೇ ಆತು" ಎಂದಳು. "ತನ್ನದಕ್ಕ ತಾನ ಯಾವ ನಾಯಿ ಅಂಜತದ?"

ದೌಲತರಾಯ ಚೀಲ ಮಡಚಿ ಟ್ರ್ಯಾಕ್ಟರಿನ ಸೀಟಿನ ಕೆಳಗೆ ತುರುಕಿದ. ಅವ್ವ ಗೌಸನಿಗೆ ಎರಡು ಹೋಳಿಗೆ ಕೊಟ್ಟಳು, ದಫೇದಾರನಿಗೆ ಒಂದನ್ನು ಬಂಡಿಯ ಕೆಳಗೆ ದೂರದಿಂದಲೇ ಉರುಳಿಸಿದಳು. ನಾಯಿಯದಲ್ಲವೆಂದು ಎಲ್ಲರಿಗೂ ಪಕ್ಕಾ ಆದಮೇಲೆ ಅದನ್ನು ತೊಳೆದುಕೊಳ್ಳಲು ಯಾರಿಗೂ ಅಂಜಿಕೆ ಉಳಿಯಲಿಲ್ಲ. ಅಯ್ಯನವರು ಮಣೆಯಿಂದ ಎದ್ದು, ಬಿಸಿಲು ಜಾಸ್ತಿ ಆಗಿದೆ, ಒಂದು ಚರಿಗೆ ನೀರು ಮೈಮೇಲೆ ಹಾಕಿಕೊಂಡು ಬರುತ್ತೇನೆ ಅಂದರು. ಅವರ ಹಿಂದೆ ಬಚ್ಚಲ ಮುಂದೆ ಪಾಳಿ ಹಚ್ಚಿ ನಾವೆಲ್ಲ ನಿಂತೆವು. ಅವ್ವ ಎಲ್ಲರಿಗಿಂತ ಮುಂದೆ ಇದ್ದಳು.